ದೊಡ್ಡ ಮಾತ್ರೆ ಯಾವುದು?

೪ ಆಗಸ್ಟ್

ಪ್ರೀತಿಯ ಗಿಣಿ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತು ಎಂದು ಹೇಳುವ ಬಾಯಿಯೂ ನನಗಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದು ನಾಲ್ಕನೆಯದು, ಮೊದಲ ಮೂರನ್ನು ಹರಿದು ಹಾಕಿದೆ. ನಿನ್ನ ಹೊಸ ವಿಳಾಸಕ್ಕಾಗಿ ನಮ್ಮ ಗುಮಾಸ್ತರನ್ನು ಎರಡು ದಿನ ಕಾಡಿದೆ. "ಅವಳೇ ಕೊಟ್ಟಿಲ್ಲ ಅಂದ್ಮೇಲೆ ನಾನ್ಯಾಕಮ್ಮಾ ಕೊಡ್ಲಿ?" ಎಂದರು. ಕೊನೆಗೆ ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿಟ್ಟು ಟೀ ಕುಡಿಯಲು ಎದ್ದು ಹೋದರು.

ಹೇಗಿದ್ದೀಯ? ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಯಿತಂತೆ. ಮೈಮೇಲಿನ ಗಾಯ ಮಾಗಿತೆಂದು ಯಾರೋ ಹೇಳಿದರು. ಕಣ್ಣು ಹೇಗಿದೆ?

ಬೈಂಡಿಂಗ್ ಶಾಪಿನಲ್ಲಿ ಎಲ್ಲ ಮೊದಲಿನ ಹಾಗೇ ಇದೆ ಎಂದು ಬರೆಯಬೇಕು, ಆದರೆ ಇಲ್ಲ. ಕಿಟಕಿ ಪಕ್ಕದ ನಿನ್ನ ಜಾಗದಲ್ಲಿ ರಟ್ಟಿನ ಕಟ್ಟುಗಳನ್ನು ಪೇರಿಸಿದ್ದಾರೆ. ಮಡಚುವ ಮೇಜಿನ ಸುತ್ತ ಮಾತೇ ಇಲ್ಲ. ನೀನಿದ್ದಾಗ ಅಚ್ಚಾಗಿ ಬಂದ ಫಾರಂ ಹಾಳೆ ಮಡಚುತ್ತಲೇ ಅದರಲ್ಲಿರುವ ಕಥೆ ಓದಿ ನಮಗೆಲ್ಲ ಒಪ್ಪಿಸುತ್ತಿದ್ದೆ. ಮುಂದಿನ ಹದಿನಾರು ಪುಟ ಪಕ್ಕದ ಮೇಜಿಗೆ ಹೋಯಿತೆಂದು ಚಡಪಡಿಸುತ್ತಿದ್ದೆ. ಗಿಣಿ ಎಂದು ಹೆಸರಿಟ್ಟದ್ದು ಅದಕ್ಕೇ ತಾನೆ. ನೀನು ಇಟ್ಟ ಹೆಸರು ಈಗಲೂ ನನಗೆ ಅಂಟಿಕೊಂಡೇ ಇದೆ. ನಿನ್ನೆ ಕಟಿಂಗ್ ಮಷೀನಿನವರು ಬಂದು, "ಡಾಕ್ಟರಮ್ಮಾ, ತಲೆ ಸಿಡೀತಿದೆ, ಡಬ್ಬಿ ತೆಗೀರಿ" ಎಂದರು. ತೆಗೆದೆ. ಮಾತ್ರೆ ಕೊಟ್ಟೆ. ಆಮೇಲೆ ಸಂಜೆಯವರೆಗೂ ಒಂದು ಫಾರಂ ಕೂಡ ನೆಟ್ಟಗೆ ಮಡಚಲಾಗಲಿಲ್ಲ. ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. "ಇರುವೆ ಹತ್ಕೊಂಡಿದ್ಯಾ ನಿಂಗೆ?" ಎಂದು ಮೇಸ್ತ್ರಿ ಬೈದರು.

ಒಂದೇ ಒಂದು ಸಾಲು ಬರೆ.

ನಿನ್ನ ಅಕ್ಕ


೨೧ ಆಗಸ್ಟ್

ಅಕ್ಕನವರಿಗೆ,

ನಿಮ್ಮ ಕಾಗದ ತಲುಪಿತು. ನಮ್ಮವರು ಓದಿ ಹೇಳಿದರು. ಇದನ್ನು ನಾನೇ ಬರೆಯುತ್ತಿದ್ದೇನೆ, ದಿನಕ್ಕೆ ನಾಲ್ಕು ಸಾಲಿನಂತೆ. ಅಕ್ಷರ ದೊಡ್ಡದಾಗಿದ್ದರೆ ಕ್ಷಮಿಸಿ.

ಚರ್ಮ ಹೊಸದು ಬಂದಿದೆ. ತೋಳಿನ ಮೇಲೆ ಕಲೆ ಉಳಿದಿದೆ. ಕಣ್ಣಿಗೆ ಗಂಟೆಗೊಮ್ಮೆ ಡ್ರಾಪ್ಸ್ ಬಿಡಬೇಕು, ಇಲ್ಲದಿದ್ದರೆ ರೆಪ್ಪೆಯೊಳಗೆ ಮರಳು ತುಂಬಿದ ಹಾಗಿರುತ್ತದೆ. ಬೆಳಕಿಗೆ ಎದುರಾಗಿ ಕೂರುವ ಹಾಗಿಲ್ಲ.

ನಿಮ್ಮ ಹತ್ತಿರ ಒಂದು ವಿಷಯ ಕೇಳಬೇಕು. ಅವತ್ತು ನನಗೆ ಜ್ವರ, ಗಂಟಲು ನೋವು. ಶಾಲೆಗಳು ತೆರೆಯುವ ಮುಂಚಿನ ಗಡಿಬಿಡಿ, ನೋಟ್‌ಬುಕ್ಕುಗಳು ಆಳೆತ್ತರ ಬಿದ್ದಿದ್ದವು. ಡಾಕ್ಟರ ಹತ್ತಿರ ಹೋದರೆ ಅರ್ಧ ದಿನ, ನಿಮ್ಮ ಹತ್ತಿರ ಬಂದರೆ ಅರ್ಧ ನಿಮಿಷ ಎಂದು ನಾನೇ ಬಂದೆ. ನೀವು ಐದು ದಿನಕ್ಕಾಗುವಷ್ಟು ಮಾತ್ರೆಗಳನ್ನು ಪಟ್ಟಿಯಿಂದ ಕತ್ತರಿಸಿ ಕೊಟ್ಟಿರಿ. ಎರಡು ಥರದವು. ಅವನ್ನು ನುಂಗಿದ ಮೇಲೇ ಮೈಯೆಲ್ಲ ಬೊಬ್ಬೆ ಎದ್ದು ಸುಲಿದದ್ದು. ಚಿಕ್ಕದು ಜ್ವರದ್ದು, ಅದು ನನಗೂ ಗೊತ್ತು. ದೊಡ್ಡ ಮಾತ್ರೆ ಯಾವುದು? ಕತ್ತರಿಸಿದ ಚೂರಿನ ಮೇಲೆ ಹೆಸರಿರಲಿಲ್ಲ. ಆಸ್ಪತ್ರೆಯವರು ಈಗಲೂ ಕೇಳುತ್ತಾರೆ. ನಮ್ಮವರು ಆಗ ಶಾಪಿಗೆ ಬಂದು ಕೇಳಿದಾಗ ನೀವು "ಜ್ವರದ ಮಾತ್ರೆ ಅಷ್ಟೇ" ಎಂದಿರಂತೆ. ಬಾಯಿ ತುಂಬ ಬೊಬ್ಬೆಯಾಗಿ ನನಗೆ ಮಾತೇ ಇರಲಿಲ್ಲ.

ಇದಕ್ಕೆ ಉತ್ತರ ಬರೆದರೆ ಸಾಕು.

ಇಂತಿ,
ಗಿಣಿ


೨೭ ಆಗಸ್ಟ್

ಪ್ರೀತಿಯ ಗಿಣಿ,

ನನಗೆ ನೀನು ಯಾವತ್ತಿನಿಂದ "ನೀವು" ಅನ್ನತೊಡಗಿದೆ? ಓದುತ್ತಾ ಯಾರದೋ ಕಾಗದ ನನ್ನ ಕೈಗೆ ಬಂದಿದೆಯೆಂದುಕೊಂಡೆ.

ಆ ದೊಡ್ಡದು ಶಕ್ತಿ ಮಾತ್ರೆ. ಸುಸ್ತಾಗಿದ್ದೀಯಲ್ಲ ಎಂದು ಜೊತೆಗೆ ಕೊಟ್ಟೆ. ಮಕ್ಕಳಿಗೂ ಕೊಡುವಂಥದ್ದು, ಅದರಿಂದ ಏನೂ ಆಗುವುದಿಲ್ಲ. ಜ್ವರದ ಮಾತ್ರೆಯೇ ನಿನ್ನ ಮೈಗೆ ಒಗ್ಗಿಲ್ಲವೇನೋ. ಒಬ್ಬೊಬ್ಬರ ಮೈ ಒಂದೊಂದು ಥರ.

ಇಲ್ಲಿ ಹೊಸ ಹೊಲಿಗೆ ಮಷೀನು ಬಂದಿದೆ. ಮೂರು ಜನರ ಕೆಲಸವನ್ನು ಒಂದೇ ಮಾಡುತ್ತದಂತೆ, ಆದರೆ ಅದನ್ನು ನೋಡಿಕೊಳ್ಳಲು ನಾಲ್ಕು ಜನ ಬೇಕು. ಮೇಸ್ತ್ರಿ ಅದರ ಮುಂದೆ ಮಗು ಹಡೆದವರ ಹಾಗೆ ನಿಂತಿರುತ್ತಾರೆ. ನೀನಿದ್ದಿದ್ದರೆ ಎಷ್ಟು ನಗುತ್ತಿದ್ದೆ. ನಮ್ಮ ಮೇಜಿನ ಕನ್ನಡಕದವಳ ಮಗಳಿಗೆ ಮದುವೆ ಗೊತ್ತಾಯಿತು. ಅಂಟು ಕಾಯಿಸುವ ಒಲೆ ಬದಲಾಯಿಸಿದ್ದಾರೆ, ಆ ಕೆಟ್ಟ ವಾಸನೆ ಈಗಿಲ್ಲ. ಇನ್ನೇನು ಬರೆಯಲಿ? ಬರೆಯಲು ತುಂಬ ಇದೆ.

ಕಣ್ಣಿನ ಬಗ್ಗೆ ಹುಷಾರು.

ನಿನ್ನ ಅಕ್ಕ


೨ ಅಕ್ಟೋಬರ್

ಅಕ್ಕನವರಿಗೆ,

ನೀವು ಬರೆದದ್ದನ್ನು ನಮ್ಮವರು ಡಾಕ್ಟರಿಗೆ ತೋರಿಸಿದರು. ಹಾಗಾದರೆ ಜ್ವರದ ಮಾತ್ರೆಯೇ ಇರಬೇಕು, ಅಪರೂಪಕ್ಕೆ ಹೀಗಾಗುತ್ತದೆ ಎಂದು ಒಂದು ಕಾರ್ಡಿನ ಮೇಲೆ ಅದರ ಹೆಸರು ಬರೆದು, ಎಲ್ಲಿಗೆ ಹೋದರೂ ಇದನ್ನು ತೋರಿಸಿ, ಇನ್ನು ಜನ್ಮದಲ್ಲಿ ಇದನ್ನು ಮುಟ್ಟಬೇಡಿ ಎಂದರು. ಕಾರ್ಡು ಈಗ ನನ್ನ ಪರ್ಸಿನಲ್ಲಿ ಇದೆ.

ಹೋದ ವಾರ ಜ್ವರ ಬಂತು. ನಾಲ್ಕು ದಿನ ಸುಟ್ಟಿತು. ಮಾತ್ರೆ ತೆಗೆದುಕೊಳ್ಳುವ ಹಾಗಿಲ್ಲವಲ್ಲ; ನಮ್ಮವರು ಫ್ರಿಜ್ ರಿಪೇರಿಯ ಕೆಲಸ ಬಿಟ್ಟು ಮನೆಯಲ್ಲೇ ಕೂತು ಹಣೆಗೆ, ಅಂಗಾಲಿಗೆ ಒದ್ದೆ ಬಟ್ಟೆ ಹಾಕಿದರು. "ಊರಿಗೆಲ್ಲ ತಣ್ಣಗೆ ಮಾಡ್ತೀನಿ, ಮನೇಲಿ ಮಾತ್ರ ಆಗ್ತಿಲ್ಲ ನೋಡು" ಎಂದರು. ನಾನು ನಕ್ಕೆ, ತುಟಿ ಸೀಳಿ ರಕ್ತ ಬಂತು.

ಇರಲಿ. ಯಾವುದೆಂದು ಗೊತ್ತಾದದ್ದೇ ದೊಡ್ಡದು. ಗೊತ್ತಾಗುವವರೆಗೆ ಊಟದ ತಟ್ಟೆ ಕಂಡರೂ ಭಯವಾಗುತ್ತಿತ್ತು. ನೀವು ಉತ್ತರ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮೇಲೆ ಸಿಟ್ಟಿತ್ತು, ಈಗ ಅಷ್ಟಿಲ್ಲ.

ಇಂತಿ,
ಗಿಣಿ


೧೩ ಅಕ್ಟೋಬರ್

ಗಿಣಿ,

ನಿನ್ನ ಕಾಗದ ಬಂದ ದಿನದಿಂದ ಮನೆಯಲ್ಲಿ ಕೂರಲಾಗುತ್ತಿಲ್ಲ. ಕೆಲಸ ಮುಗಿದ ಮೇಲೆ ಎರಡು ಸ್ಟಾಪು ಮುಂಚೆಯೇ ಬಸ್ಸಿಳಿದು ನಡೆಯುತ್ತೇನೆ. ನಡೆದು ಮನೆ ಬಾಗಿಲಿಗೆ ಬಂದು, ಬೀಗ ತೆಗೆಯದೆ ಮತ್ತೆ ಬೀದಿ ಕೊನೆಯವರೆಗೆ ಹೋಗಿ ಬರುತ್ತೇನೆ. ಎದುರು ಮನೆಯಾಕೆ, "ತೂಕ ಇಳಿಸ್ತಿದ್ದೀರಾ?" ಎಂದು ಕೇಳಿದರು.

ನಾಲ್ಕು ದಿನ ಒದ್ದೆ ಬಟ್ಟೆಯೆ?

ಒಂದು ಮಾತು. ಡಾಕ್ಟರನ್ನು ಇನ್ನೊಂದು ಸಲ ಕೇಳಿ ನೋಡು. ಜ್ವರದ ಮಾತ್ರೆಯೇ ಎಂದು ಹೇಗೆ ಖಾತ್ರಿ? ಬೇರೆ ಏನಾದರೂ ಇರಬಹುದಲ್ಲ. ಅವತ್ತು ನೀನು ಹೊರಗೆ ಏನಾದರೂ ತಿಂದಿದ್ದೆಯೋ ಏನೋ. ನನಗೂ ಎಲ್ಲ ಸರಿಯಾಗಿ ನೆನಪಿಲ್ಲ. ಡಬ್ಬಿಯಲ್ಲಿ ನೂರೆಂಟು ಮಾತ್ರೆಗಳಿರುತ್ತವೆ. ಯಾರ ಮನೆಯಲ್ಲಿ ಏನು ಉಳಿದರೂ ತಂದು ಹಾಕುತ್ತಾರೆ. ಹಳದಿ ಹೊಟ್ಟೆಗೆ, ಕೆಂಪು ನೆಗಡಿಗೆ ಎಂದು ನಾನು ಬಣ್ಣ ನೋಡಿ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ.

ಕೇಳಿ ನೋಡು, ಅಷ್ಟೇ.

ಅಕ್ಕ


೧೨ ನವೆಂಬರ್

ಅಕ್ಕನವರಿಗೆ,

ಯಾಕೆ ಹಾಗೆ ಬರೆದಿರಿ? ನಮ್ಮವರಿಗೆ ಓದಿ ತೋರಿಸಿದೆ. "ಅವರಿಗೆ ಪಾಪ ಮನಸ್ಸಿಗೆ ಹಚ್ಕೊಂಡಿದೆ, ಬಿಡು" ಎಂದರು. ನಾನೂ ಬಿಟ್ಟೆ. ಡಾಕ್ಟರನ್ನು ಮತ್ತೆ ಕೇಳಲಿಲ್ಲ. ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳುವುದು?

ಇನ್ನೊಂದು ಹೊಸ ಕಾಟ ಶುರುವಾಗಿದೆ. ಮೂರು ದಿನದಿಂದ ಮೂತ್ರಕ್ಕೆ ಹೋದರೆ ಉರಿ, ಕಿಬ್ಬೊಟ್ಟೆ ನೋವು. ಈ ಸಲ ಯಾರ ಡಬ್ಬಿಯನ್ನೂ ಕೇಳದೆ ನೆಟ್ಟಗೆ ಹತ್ತಿರದ ಡಾಕ್ಟರಲ್ಲಿಗೆ ಹೋದೆ. ಕಾರ್ಡು ತೋರಿಸಿದೆ. ನೋಡಿ, ಜ್ವರದ ಮಾತ್ರೆ ಬಿಟ್ಟು ಬೇರೆ ಬರೆದುಕೊಟ್ಟರು. ಬೆಳಗ್ಗೆ ಒಂದು, ಸಂಜೆ ಒಂದು. ನಾಳೆಯಿಂದ ಶುರು. ದೊಡ್ಡ ಬಿಳಿ ಮಾತ್ರೆ, ನಡುವೆ ಒಂದು ಗೆರೆ. ಕೈಯಲ್ಲಿ ಹಿಡಿದು ನೋಡಿದರೆ ನಿಮ್ಮ ಶಕ್ತಿ ಮಾತ್ರೆಯ ಹಾಗೇ ಇದೆ. ನಗು ಬಂತು.

ಕನ್ನಡಕದವರ ಮಗಳ ಮದುವೆ ಹೇಗಾಯಿತು?

ಇಂತಿ,
ಗಿಣಿ


೧೫ ನವೆಂಬರ್

ಗಿಣಿ,

ಇದನ್ನು ನಿನ್ನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಿಡುವುದಿಲ್ಲ. ನಿನ್ನ ಯಜಮಾನರು ನಾಲ್ಕು ಮಾರು ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ. ಬರೆದದ್ದನ್ನು ಅವರ ಕೈಗೇ ಕೊಟ್ಟು ಹೋಗುತ್ತೇನೆ. ಓದಿ ಹೇಳುತ್ತಾರೋ, ಹರಿದು ಹಾಕುತ್ತಾರೋ ಅವರಿಗೆ ಬಿಟ್ಟದ್ದು.

ನಿನ್ನ ಕಾಗದ ಇವತ್ತು ಬೆಳಗ್ಗೆ ಶಾಪಿಗೆ ಬಂತು. ಗೆರೆ ಇರುವ ದೊಡ್ಡ ಬಿಳಿ ಮಾತ್ರೆ ಎಂಬಲ್ಲಿಗೆ ಬಂದವಳೇ ಓದುವುದನ್ನು ನಿಲ್ಲಿಸಿದೆ. ನಿನಗೆ ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಮೇಸ್ತ್ರಿಗೆ ಹೇಳದೆ, ಕೈಯ ಅಂಟನ್ನೂ ತೊಳೆಯದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಮೂರು ಗಂಟೆಯ ದಾರಿ. ಸೀಟು ಸಿಕ್ಕಿತು, ಆದರೆ ಕೂರಲಾಗಲಿಲ್ಲ, ಕಂಬ ಹಿಡಿದು ನಿಂತೇ ಬಂದೆ. ಬಸ್ಸು ನಿಂತಲ್ಲೆಲ್ಲ ಡ್ರೈವರನ್ನು ಮನಸ್ಸಿನಲ್ಲೇ ಬೈದೆ. ನಿನ್ನ ಮನೆಗೆ ಬೀಗ. ಪಕ್ಕದ ಮನೆಯವರು, "ಬಾಯೆಲ್ಲ ಹುಣ್ಣಾಗಿತ್ತು, ಬೆಳಗ್ಗೆ ಆಸ್ಪತ್ರೆಗೆ ಕರ್ಕೊಂಡ್ ಹೋದ್ರು" ಎಂದರು.

ನಾನು ಇಲ್ಲಿಗೆ ಬಂದಾಗ ಆಸ್ಪತ್ರೆಯವರು ಅದನ್ನು ಜ್ವರದ ಹುಣ್ಣು ಎಂದುಕೊಂಡಿದ್ದರು. ಕಾರ್ಡಿನಲ್ಲಿ ಬೇರೆ ಹೆಸರಿದ್ದದ್ದರಿಂದ ಆ ದೊಡ್ಡ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಐದು ಒಳಗೆ ಹೋಗಿದ್ದವು. ಆರನೆಯದು ಸಂಜೆಗೆ ಇತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವರನ್ನು ಕಾರಿಡಾರಿನಲ್ಲೇ ತಡೆದು, ನಿನ್ನ ಯಜಮಾನರ ಎದುರಿಗೇ ಹೇಳಿದೆ. ನಿನಗೂ ಹೇಳುತ್ತೇನೆ. ಅದು ಶಕ್ತಿ ಮಾತ್ರೆಯಲ್ಲ. ನನ್ನ ತಮ್ಮನಿಗೆ ಮೂತ್ರದ ಉರಿಯಾದಾಗ ಮೆಡಿಕಲ್ ಶಾಪಿನವರು ಕೈಯಿಂದಲೇ ಕೊಟ್ಟ ಮಾತ್ರೆ. ಅವನೂ ಡಾಕ್ಟರಿಗೆ ತೋರಿಸಿರಲಿಲ್ಲ. ಎರಡು ದಿನಕ್ಕೆ ಉರಿ ನಿಂತಿತು, ಉಳಿದದ್ದು ನನ್ನ ಡಬ್ಬಿಗೆ ಬಂತು. ನಿನಗೆ ಬೇಗ ಗುಣವಾಗಲಿ, ಜೋರಾಗಿರುವುದೇ ಇರಲಿ ಎಂದು ಕೊಟ್ಟೆ. ಹೆಸರು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅಕ್ಟೋಬರಿನಲ್ಲಿ, ನೀನು ನಾಲ್ಕು ದಿನ ಸುಟ್ಟೆ ಎಂದು ಬರೆದ ಮೇಲೆ. ತಮ್ಮನನ್ನು ಕರೆದುಕೊಂಡು ಆ ಅಂಗಡಿಗೆ ಹೋದೆ. "ಸಲ್ಫಾ ಜಾತೀದು. ಕೆಲವರಿಗೆ ಆಗ್ಬರಲ್ಲ, ಮೈಯೆಲ್ಲ ಸುಲಿದು ಹೋಗುತ್ತೆ" ಎಂದರು, ಇನ್ನೊಬ್ಬರಿಗೆ ಯಾವುದೋ ಮಾತ್ರೆ ಕತ್ತರಿಸುತ್ತಲೇ.

ಅವತ್ತೇ ನಿನಗೆ ಬರೆಯಬೇಕಿತ್ತು. ಬರೆದದ್ದು ಏನು? "ಕೇಳಿ ನೋಡು, ಅಷ್ಟೇ." ಹೊರಗೆ ಏನಾದರೂ ತಿಂದಿದ್ದೆಯೋ ಎಂದು ನಿನ್ನ ಮೇಲೇ ಹಾಕಿದೆ.

ಡಾಕ್ಟರು ಕೇಳಿದರು, "ಇದನ್ನ ಆವಾಗ್ಲೇ ಯಾಕಮ್ಮ ಹೇಳ್ಲಿಲ್ಲ?"

"ಹೆದರ್ಕೊಂಡೆ."

"ಯಾರಿಗೆ?"

ಅವರಿಗೆ ಹೇಳದ್ದನ್ನು ನಿನಗೆ ಬರೆಯುತ್ತೇನೆ. ಕೆಲಸ ಹೋಗುತ್ತದೆಂದು, ಪೊಲೀಸರು ಬರುತ್ತಾರೆಂದು ಮೊದಲು ಹೆದರಿದ್ದು ನಿಜ. ಆಮೇಲಿನದು ಬೇರೆ. ಡಬ್ಬಿ ಇರುವವರೆಗೆ ಮೇಸ್ತ್ರಿ ಕೂಡ ನನ್ನ ಮೇಜಿಗೆ ಬಂದು ತಗ್ಗಿ ಮಾತಾಡುತ್ತಿದ್ದರು. ಅದಿಲ್ಲದಿದ್ದರೆ ನಾನು ಇಪ್ಪತ್ತೆರಡು ವರ್ಷದಿಂದ ಕಾಗದ ಮಡಚುವ ಒಬ್ಬ ಹೆಂಗಸು, ಅಷ್ಟೇ. ನಿನ್ನ ಕಣ್ಣಿಗಿಂತ ನನಗೆ ಅದು ದೊಡ್ಡದಾಯಿತು.

ನಿನ್ನ ಯಜಮಾನರು ಒಂದೇ ಮಾತು ಆಡಿದರು. "ನಾಲ್ಕು ದಿನ ನಾನು ಬಟ್ಟೆ ಹಿಂಡಿ ಹಿಂಡಿ ಹಾಕ್ದೆ" ಎಂದರು. ಆಮೇಲೆ ಗೋಡೆಯ ಹತ್ತಿರ ಹೋಗಿ ನಿಂತರು.

ಆರನೆಯದನ್ನು ನಿಲ್ಲಿಸಿದ್ದಾರೆ. ನಿನ್ನನ್ನು ದೊಡ್ಡ ಆಸ್ಪತ್ರೆಗೆ ಕಳಿಸಲು ಗಾಡಿ ಬರುತ್ತಿದೆಯಂತೆ. ಸ್ಟ್ರೆಚರು ಬಂತು.

ಅಕ್ಕ


೧೪ ಡಿಸೆಂಬರ್

ನಿನ್ನನ್ನು ಬೈಯಲು ನಾಲ್ಕು ವಾರ ಕಾದೆ, ಬಾಯಿ ಹುಣ್ಣು ಮಾಗಲಿ ಎಂದು. ಮಾಗಿತು. ಬೈಯಲು ಕೂತರೆ ಬೈಗುಳವೇ ಸಾಲುತ್ತಿಲ್ಲ.

ಮಾತ್ರೆ ಕೊಟ್ಟದ್ದಕ್ಕೆ ನಾನು ಸಿಟ್ಟಾಗಿಲ್ಲ ಕಣೇ. ಅದನ್ನು ನಾನೇ ಕೈಚಾಚಿ ಕೇಳಿದೆ. ನೀನು ಕೊಡದಿದ್ದರೆ ಬೀದಿ ಮೂಲೆಯ ಅಂಗಡಿಯಲ್ಲಿ ಕೇಳುತ್ತಿದ್ದೆ. ನನ್ನಮ್ಮನೂ ಹಾಗೇ, ನಮ್ಮವರೂ ಹಾಗೇ. ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವುದು ಯಾರಿಗೆ ಹೊಸದು? ಆದರೆ ನಾನು ಕಾಗದ ಬರೆದು ಕೇಳಿದೆನಲ್ಲ. ಕಣ್ಣುರಿಯಲ್ಲಿ ನಾಲ್ಕು ನಾಲ್ಕು ಸಾಲು ಬರೆದು ಕೇಳಿದೆನಲ್ಲ. ಆಗ ನೀನು ಮೇಜಿನ ಮುಂದೆ ಕೂತು, ಪೆನ್ನು ಹಿಡಿದು, ಯೋಚನೆ ಮಾಡಿ, ಸುಳ್ಳು ಬರೆದೆ. ಅದರ ಕೆಳಗೆ ಹೊಲಿಗೆ ಮಷೀನಿನ ಜೋಕು ಬರೆದೆ. ನಾನು ನಕ್ಕಿದ್ದೆ ಅದಕ್ಕೆ! ಆಮೇಲೆ ನಿನಗೆ ಒಳ್ಳೆಯ ಮಾತು ಬೇರೆ ಬರೆದೆ. ಅದನ್ನು ಓದಿಯೂ ನೀನು ಸುಮ್ಮನಿದ್ದೆ.

ಬಲಗಣ್ಣು ಪರವಾಗಿಲ್ಲ. ಎಡಗಣ್ಣಿಗೆ ಎಲ್ಲವೂ ಎಣ್ಣೆ ಕಾಗದದ ಆಚೆ ಇರುವ ಹಾಗೆ ಕಾಣುತ್ತದೆ. ಹಾಗೇ ಉಳಿಯಬಹುದು ಎಂದಿದ್ದಾರೆ. ಇನ್ನೊಂದು ದಿನ ತಡವಾಗಿದ್ದರೆ ಬದುಕುವುದೇ ಕಷ್ಟವಿತ್ತಂತೆ. ಅದನ್ನೂ ಬರೆದಿರುತ್ತೇನೆ, ಯಾಕೆಂದರೆ ಅದೂ ನಿಜ. ಅಂಟಿನ ಕೈಯಲ್ಲೇ ಓಡಿ ಬಂದೆ ಎಂದು ನಮ್ಮವರು ಹೇಳಿದರು.

ನನಗೆ ಬರೆಯಬೇಡ. ಬರೆಯಬಹುದು ಅನ್ನಿಸಿದರೆ ನಾನೇ ಹೇಳುತ್ತೇನೆ.

ಗಿಣಿ


೬ ಫೆಬ್ರವರಿ

ಗಿಣಿ,

ಬರೆಯಬೇಡ ಎಂದಿದ್ದೆ. ಎಂಟು ವಾರ ತಡೆದೆ. ನನ್ನ ಬಾಯಿಂದಲ್ಲದೆ ಬೇರೆಯವರಿಂದ ನಿನಗೆ ಇದು ಗೊತ್ತಾಗಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಉತ್ತರ ಬೇಡ.

ಶಾಪಿನಲ್ಲಿ ಹೇಳಿದೆ. ಟೀ ಹೊತ್ತಿನಲ್ಲಿ, ಎಲ್ಲರೂ ಕೂತಿದ್ದಾಗ. ಯಾವ ಮಾತ್ರೆ ಕೊಟ್ಟೆ, ಏನು ಸುಳ್ಳು ಹೇಳಿದೆ, ಎಷ್ಟು ತಿಂಗಳು ಹೇಳಿದೆ, ಎಲ್ಲ. ಯಾರೂ ಕೂಗಾಡಲಿಲ್ಲ. ಕನ್ನಡಕದವಳು ಅರ್ಧ ಕುಡಿದ ಟೀ ಲೋಟ ಕೆಳಗಿಟ್ಟು ಎದ್ದು ಹೋದಳು. ಅವಳ ಮಗಳಿಗೆ ಚಿಕ್ಕಂದಿನಿಂದ ಎಷ್ಟು ಮಾತ್ರೆ ಕೊಟ್ಟಿದ್ದೇನೋ ನನಗೇ ಲೆಕ್ಕವಿಲ್ಲ. ಡಬ್ಬಿಯನ್ನು ನೀನು ಮೊದಲು ಸೇರಿದ್ದ ಆಸ್ಪತ್ರೆಗೆ ಒಯ್ದು ಕೊಟ್ಟೆ, ಅಲ್ಲಿನ ಡಾಕ್ಟರೊಬ್ಬರು ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಬೆರಳಿಂದ ಸರಿಸುತ್ತಾ, "ಅಯ್ಯೋ, ಇದೂ ಇದ್ಯಾ? ಇದೂನಾ?" ಎನ್ನುತ್ತಿದ್ದರು. ನಾನು ನಿಂತು ನೋಡಿದೆ.

ಇದರಿಂದ ಎಲ್ಲರೂ ಬದಲಾದರು ಎಂದುಕೊಳ್ಳಬೇಡ. ಕಟಿಂಗ್ ಮಷೀನಿನವರು ಈಗ ನೇರ ಅಂಗಡಿಯಿಂದಲೇ ತಂದುಕೊಳ್ಳುತ್ತಾರೆ. "ನೀವ್ ಕೊಡ್ತಿದ್ದಾಗ ಅಷ್ಟು ದೂರ ನಡೆಯೋದು ತಪ್ತಿತ್ತು" ಎಂದು ಗೊಣಗುತ್ತಾರೆ. ಮೇಸ್ತ್ರಿಗೆ ನನ್ನ ಮೇಲೆ ಕೋಪ. ಎರಡು ಸಲ ಬೇರೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅರ್ಧ ದಿನ ಹಾಳು ಮಾಡಿದೆನಂತೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಬಂದು, "ಅಕ್ಕಾ, ಹೊಟ್ಟೆ ನೋವು, ಏನ್ ತಗೊಳ್ಲಿ?" ಎಂದು ಕೇಳಿದಳು. ನಾಲಿಗೆ ತುದಿಯಲ್ಲಿ ಉತ್ತರ ಸಿದ್ಧವಿತ್ತು. "ನಂಗೆ ಗೊತ್ತಿಲ್ಲಮ್ಮ" ಎಂದೆ. ಇಷ್ಟು ವರ್ಷದಲ್ಲಿ ಆ ಮೇಜಿನಲ್ಲಿ ಕೂತು ಹಾಗೆ ಅಂದದ್ದು ಮೊದಲ ಸಲ. ಹೇಳಿದ ಮೇಲೆ ನೆಲ ಬಿರಿಯುತ್ತದೆಂದುಕೊಂಡಿದ್ದೆ. ಅವಳು "ಸರಿ" ಎಂದು ಹೋದಳು.

ಆದರೂ ಒಂದು ಕಡೆ ಕೂರಲಾಗುವುದಿಲ್ಲ. ಬಸ್ಸು ಎರಡು ಸ್ಟಾಪು ಮುಂಚೆಯೇ ಇಳಿಯುತ್ತೇನೆ.

ಅಕ್ಕ


೨೮ ಫೆಬ್ರವರಿ

ಅಕ್ಕಾ,

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತಿಲ್ಲ. ಬೆಳಗ್ಗೆ ಎದ್ದು ಎಡಗಣ್ಣು ತೆರೆದಾಗಲೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತದೆ. ಮುಖ ತೊಳೆಯುವ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ. ಮರುದಿನ ಮತ್ತೆ ಬರುತ್ತದೆ. ಇದು ಎಷ್ಟು ದಿನವೋ ನನಗೆ ತಿಳಿಯದು.

ಹೊಸ ಕಾರ್ಡಿನ ಮೇಲೆ ಸರಿಯಾದ ಹೆಸರು ಬರೆದುಕೊಟ್ಟಿದ್ದಾರೆ. ಜ್ವರದ ಮಾತ್ರೆಯನ್ನು ಆಸ್ಪತ್ರೆಯವರು ತಮ್ಮ ಎದುರೇ ನುಂಗಿಸಿ, ಇಡೀ ದಿನ ಕೂರಿಸಿ ನೋಡಿದರು. ಏನೂ ಆಗಲಿಲ್ಲ. ನಮ್ಮವರು ಕಣ್ಣೊರೆಸಿಕೊಂಡರು, ಧೂಳು ಎಂದರು.

ಮಾರ್ಚ್ ಹತ್ತೊಂಬತ್ತಕ್ಕೆ ಎಡಗಣ್ಣಿಗೆ ಒಂದು ಚಿಕ್ಕ ಆಪರೇಷನ್. ನಿನ್ನ ಊರಿನ ಕಣ್ಣಿನ ಆಸ್ಪತ್ರೆಯಲ್ಲೇ. ನೋಟ ಪೂರ್ತಿ ಬರುವುದಿಲ್ಲ, ಉರಿ ಕಡಿಮೆಯಾಗಬಹುದು ಎಂದಿದ್ದಾರೆ. ನಮ್ಮವರಿಗೆ ಅವತ್ತು ರಜೆ ಇಲ್ಲ, ಈಗಾಗಲೇ ಎಲ್ಲ ಮುಗಿಸಿದ್ದಾರೆ. ಒಬ್ಬರು ಜೊತೆಗಿರಬೇಕು. ಒಳಗೆ ಹೋಗುವ ಮುಂಚೆ ಅವರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಬೇಕು: ಯಾವ ಔಷಧಿ ಆಗಿಬರುವುದಿಲ್ಲ, ಯಾವಾಗ ಏನಾಯಿತು, ಯಾರು ಕೊಟ್ಟದ್ದು. ನನಗಿಂತ ಸರಿಯಾಗಿ ಅದನ್ನೆಲ್ಲ ಹೇಳಬಲ್ಲವಳು ನೀನೊಬ್ಬಳೇ.

ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯ ಗೇಟಿನ ಹತ್ತಿರ ಇರುತ್ತೇನೆ. ಒಳಗೆ ಕರೆಯುವವರೆಗೂ ಮಾತಾಡದೆ ಕೂತರೆ ಬೇಜಾರು ಮಾಡಿಕೊಳ್ಳಬೇಡ. ಬರಲಾಗುವುದಾದರೆ ಬರುತ್ತೇನೆಂದು ಬರೆ. ಆಗದಿದ್ದರೆ ಆಗುವುದಿಲ್ಲ ಎಂದೇ ಬರೆ. ನಡುವಿನದು ಏನನ್ನೂ ಬರೆಯಬೇಡ.

ಗಿಣಿ